ಗೆಳೆಯನನ್ನು ಗ್ರಿಡ್‌ನಿಂದ ಹಿಂದಕ್ಕೆ ಕಳಿಸುವ ಹೊಣೆ

ಕಾರ್ ಕ್ಲಬ್ಬೊಂದು ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಸದಸ್ಯರಿಗೆ ತಮ್ಮ ತಮ್ಮ ಕಾರುಗಳನ್ನು ಅಲ್ಲಿ ಓಡಿಸಲು ಅವಕಾಶ ಮಾಡಿಕೊಡುವುದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಇದು ರೇಸ್ ಅಲ್ಲ. ಬಹುಮಾನವಿಲ್ಲ, ಸ್ಥಾನಗಳಿಲ್ಲ, ಯಾರು ಯಾರಿಗಿಂತ ಮುಂದೆ ಎಂಬ ಲೆಕ್ಕವನ್ನು ಕ್ಲಬ್ ಇಡುವುದಿಲ್ಲ. ವಾರವಿಡೀ ಆಫೀಸಿಗೆ ಹೋಗಿಬರುವ ಕಾರನ್ನೇ ತಂದು, ಪಕ್ಕದಲ್ಲಿ ತರಬೇತುದಾರರನ್ನು ಕೂರಿಸಿಕೊಂಡು, ಸಾರ್ವಜನಿಕ ರಸ್ತೆಯಲ್ಲಿ ಎಂದೂ ಹೋಗಬಾರದ ವೇಗದಲ್ಲಿ ಬ್ರೇಕ್ ಹಾಕುವುದನ್ನೂ ತಿರುವು ತೆಗೆದುಕೊಳ್ಳುವುದನ್ನೂ ಕಲಿಯುವ ದಿನ ಅದು. ಹೋಗಿಬಂದವರು ಕಾರುಗಳ ಬಗ್ಗೆ, ಟೈರುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. ಆ ದಿನವನ್ನು ನಡೆಸಿಕೊಡುವವರ ಬಗ್ಗೆ, ಅವರು ಹಿಡಿಯುವ ಶಿಸ್ತಿನ ಬಗ್ಗೆ ಮಾತು ಬರುವುದು ಕಡಿಮೆ. ಬಂದರೂ ಅದು ಹೆಚ್ಚಾಗಿ ದೂರಿನ ರೂಪದಲ್ಲಿರುತ್ತದೆ. ಆ ಶಿಸ್ತಿನ ಪರವಾಗಿ ನಾನು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ನಮ್ಮ ಕ್ಲಬ್ ಹೆಚ್ಚಾಗಿ ಹೋಗುವುದು ಎರಡು ಟ್ರ್ಯಾಕ್‌ಗಳಿಗೆ: ಮಾಂಟೆರೆ ಬಳಿಯ ಲಗೂನಾ ಸೆಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು 150 ಮೈಲಿ ದೂರದ ವಿಲೋಸ್ ಎಂಬ ಪುಟ್ಟ ಊರಿನ ಪಕ್ಕದ ಥಂಡರ್‌ಹಿಲ್. ಎರಡರ ಹುಟ್ಟಿನಲ್ಲೂ ಸ್ವಯಂಸೇವಕರ ಕೈಯಿದೆ. ಥಂಡರ್‌ಹಿಲ್ 1993ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿಸಿದ್ದು ಅಮೆರಿಕದ ಹವ್ಯಾಸಿ ರೇಸಿಂಗ್‌ನ ಹಳೆಯ ಸಂಸ್ಥೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ವಿಭಾಗ. ಲಗೂನಾ ಸೆಕಾದ ಕತೆ ಇನ್ನೂ ಹಿಂದಿನದು. 1950ರಿಂದ ಪೆಬಲ್ ಬೀಚ್‌ನ ಪೈನ್ ಮರಗಳ ನಡುವಿನ ಕಿರಿದಾದ ರಸ್ತೆಗಳಲ್ಲೇ ರೇಸ್ ನಡೆಯುತ್ತಿತ್ತು. 1956ರಲ್ಲಿ ಅರ್ನಿ ಮೆಕಾಫಿ ಎಂಬ ಚಾಲಕನ ಫೆರಾರಿ ಮರಕ್ಕೆ ಬಡಿದು ಆತ ತೀರಿಕೊಂಡ ಮೇಲೆ ಆ ರಸ್ತೆಗಳಲ್ಲಿ ರೇಸ್ ನಿಂತಿತು. ಮರುವರ್ಷವೇ, ಸೇನೆಗೆ ಸೇರಿದ್ದ ಫೋರ್ಟ್ ಆರ್ಡ್ ಜಾಗದಲ್ಲಿ ಲಗೂನಾ ಸೆಕಾ ಸಿದ್ಧವಾಯಿತು. ಊರಿನ ಆಸಕ್ತರು ಕಟ್ಟಿಕೊಂಡ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದನ್ನು 2019ರವರೆಗೂ ನಡೆಸಿತು. ಪೂರ್ವ ಕರಾವಳಿಯ ವಾಟ್ಕಿನ್ಸ್ ಗ್ಲೆನ್‌ನಲ್ಲೂ ಹೀಗೇ ಆಯಿತು: 1948ರಲ್ಲಿ ಊರ ಬೀದಿಗಳಲ್ಲಿ ಶುರುವಾದ ರೇಸ್, 1952ರಲ್ಲಿ ನೋಡಲು ನಿಂತಿದ್ದ ಏಳು ವರ್ಷದ ಬಾಲಕ ಸತ್ತ ನಂತರ ಆ ಬೀದಿಗಳನ್ನು ಬಿಡಬೇಕಾಯಿತು. ಇಂದು ನಾವು ಬೇಸರಪಟ್ಟುಕೊಂಡು ಪಾಲಿಸುವ ನಿಯಮಗಳ ಹಿಂದೆ ಇಂಥ ಘಟನೆಗಳಿವೆ. ಹೊಸದಾಗಿ ಸೇರುವವರಿಗೆ ನಿಯಮಗಳ ಪಟ್ಟಿಯನ್ನು ಕೊಡುವ ಮೊದಲು ಈ ಇತಿಹಾಸವನ್ನು ಹೇಳಬೇಕೆಂಬುದು ನನ್ನ ಬಹುಕಾಲದ ಒತ್ತಾಯ.

ನಮ್ಮಲ್ಲಿ ತಿರುವುಗಳಲ್ಲಿ ಬಾವುಟ ಹಿಡಿದು ನಿಲ್ಲಲು ತರಬೇತಿ ಪಡೆದ ಮಾರ್ಷಲ್‌ಗಳನ್ನು ಸಂಭಾವನೆ ಕೊಟ್ಟು ಕರೆಸುತ್ತೇವೆ. ಉಳಿದದ್ದೆಲ್ಲ ಸದಸ್ಯರದೇ ಕೆಲಸ. ಬೆಳಗ್ಗೆ ಗೇಟಿನಲ್ಲಿ ನಿಂತು, ಒಳಗೆ ಬರುವ ಪ್ರತಿಯೊಬ್ಬರಿಂದಲೂ, ಊಟ ತಂದುಕೊಟ್ಟು ಹೋಗುವ ಹುಡುಗನಿಂದಲೂ, ಹೊಣೆಗಾರಿಕೆಯ ಪತ್ರಕ್ಕೆ ಸಹಿ ಹಾಕಿಸಬೇಕು. ನೋಂದಣಿ ನೋಡಿ ಮಣಿಕಟ್ಟಿಗೆ ಪಟ್ಟಿ ಕಟ್ಟಬೇಕು. ಕಾರುಗಳನ್ನು ಪರೀಕ್ಷಿಸಬೇಕು. ಟ್ರ್ಯಾಕಿನ ಬಾಯಲ್ಲಿ ಸರದಿಗೆ ಕಾಯುವ ಜಾಗವಾದ ಗ್ರಿಡ್‌ನಲ್ಲಿ ಸಾಲು ನಿಲ್ಲಿಸಿ ಒಂದೊಂದಾಗಿ ಒಳಗೆ ಬಿಡಬೇಕು. ಟ್ರ್ಯಾಕ್ ಬಿಟ್ಟು ಬಾ ಎನ್ನುವ ಕಪ್ಪು ಬಾವುಟ ತೋರಿಸಿಕೊಂಡು, ಟ್ರ್ಯಾಕಿನ ಪಕ್ಕದಲ್ಲಿ ಕಾರುಗಳು ಬಂದು ನಿಲ್ಲುವ ಪಿಟ್‌ಗೆ ಬಂದ ಚಾಲಕನ ಕಿಟಕಿಯ ಬಳಿ ಹೋಗಿ ಏನಾಯಿತೆಂದು ಕೇಳಬೇಕು. ತರಬೇತುದಾರರೂ ಸ್ವಯಂಸೇವಕರೇ, ಮುಖ ಪರಿಚಯವೂ ಇಲ್ಲದ ವ್ಯಕ್ತಿಯ ಕಾರಿನಲ್ಲಿ, ಬ್ರೇಕ್ ಪೆಡಲ್ ಇಲ್ಲದ ಬದಿಯಲ್ಲಿ ಕುಳಿತು ದಿನವಿಡೀ ಸುತ್ತುವ ಅವರ ಧೈರ್ಯಕ್ಕೆ ನಾನು ಸದಾ ತಲೆಬಾಗುತ್ತೇನೆ. ಓಡಿಸಲು ಬಂದ ಪ್ರತಿಯೊಬ್ಬರೂ ಈ ಕೆಲಸಗಳಲ್ಲಿ ಒಂದನ್ನು ಮಾಡಲೇಬೇಕು. ತಪ್ಪಿಸಿಕೊಂಡವರಿಗೆ ಆ ದಿನ ಮತ್ತೆ ಟ್ರ್ಯಾಕ್ ಇಲ್ಲ, ಮುಂದಿನ ಬಾರಿಯ ನೋಂದಣಿಯೂ ಇಲ್ಲ.

ಈ ಕೆಲಸಗಳಲ್ಲಿ ಹೊರಗಿನವರಿಗೆ ಅತ್ಯಂತ ನೀರಸವಾಗಿ ಕಾಣುವುದು ಬೆಳಗಿನ ತಪಾಸಣೆ, ನಮ್ಮ ಮಾತಿನಲ್ಲಿ ಟೆಕ್. ನನಗೆ ಅದೇ ಅಚ್ಚುಮೆಚ್ಚು. ಇನ್ನೂ ಚಳಿ ಬಿಟ್ಟಿರುವುದಿಲ್ಲ, ಕೈಬೆರಳುಗಳು ಮರಗಟ್ಟಿರುತ್ತವೆ, ಸಾಲಿನಲ್ಲಿ ನಿಂತ ಕಾರುಗಳ ಬಾನೆಟ್‌ಗಳು ತೆರೆದಿರುತ್ತವೆ. ಮೊದಲು ಕಾರಿನ ಒಳಗನ್ನು ಖಾಲಿ ಮಾಡಿಸಬೇಕು: ನೆಲಹಾಸು, ಛತ್ರಿ, ಮಗುವಿನ ಸೀಟು, ಗ್ಲವ್‌ಬಾಕ್ಸಿನೊಳಗಿನ ಚಿಲ್ಲರೆ, ಸೀಟಿನಡಿಯ ನೀರಿನ ಬಾಟಲಿ. ಬಾಟಲಿಯ ವಿಷಯದಲ್ಲಿ ಯಾರೂ ವಾದ ಮಾಡಬಾರದು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 45 ಮೀಟರ್ ಸಾಗುತ್ತದೆ. ಜೋರಾಗಿ ಬ್ರೇಕ್ ಹಾಕಿದೊಡನೆ ಹಿಂದಿನಿಂದ ಉರುಳಿಬಂದ ಬಾಟಲಿ ಪೆಡಲಿನ ಅಡಿಗೆ ಸಿಕ್ಕಿಕೊಂಡರೆ, ಅದನ್ನು ಕಾಲಿನಿಂದ ಒದ್ದು ಸರಿಸುವಷ್ಟರಲ್ಲಿ ತಿರುವು ಮುಗಿದುಹೋಗಿರುತ್ತದೆ. ಆಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚ್ ಹಿಡಿದು ನೋಡಬೇಕು, ಬ್ಯಾಟರಿ ಅಲುಗಾಡುತ್ತದೆಯೇ ಎಂದು ಕೈಯಿಂದಲೇ ಎಳೆದು ನೋಡಬೇಕು, ಬ್ರೇಕ್ ಲೈಟ್ ಹತ್ತುತ್ತದೆಯೇ ಎಂದು ಹಿಂದೆ ಹೋಗಿ ನಿಲ್ಲಬೇಕು.

ಬ್ರೇಕ್ ಆಯಿಲ್ ಬದಲಾಯಿಸಿ ಆರು ತಿಂಗಳು ದಾಟಿರಬಾರದು ಎಂಬ ನಿಯಮದ ಬಗ್ಗೆ ಪ್ರತಿ ಬಾರಿಯೂ ಯಾರಾದರೊಬ್ಬರು ಗೊಣಗುತ್ತಾರೆ. ಕಾರು ಹೊಸದು, ಹೆಚ್ಚು ಓಡಿಸಿಲ್ಲ ಎಂಬುದು ಅವರ ವಾದ. ಆದರೆ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಕಾರು ನಿಂತಿದ್ದರೂ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಮನೆಯಿಂದ ಆಫೀಸಿಗೆ ಹೋಗುವಾಗ ಇದರಿಂದ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಟ್ರ್ಯಾಕ್‌ನಲ್ಲಿ ಒಂದೇ ಸುತ್ತಿನಲ್ಲಿ ಹಲವು ಸಲ ಜೋರಾಗಿ ಬ್ರೇಕ್ ಹಾಕುವಾಗ ಆಯಿಲ್ ಕುದ್ದು ಆವಿಯ ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ತಡೆದುಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ನೆನಪಿಟ್ಟುಕೊಳ್ಳುವುದು ಟ್ರ್ಯಾಕಿಗೆ ಬಂದ ಮೇಲೆ. ಹೆಲ್ಮೆಟ್ಟಿನದೂ ಇದೇ ವಾದ. ಬೈಕಿನ ಹೆಲ್ಮೆಟ್ ಎಷ್ಟೇ ದುಬಾರಿಯದಾದರೂ ನಾವು ಒಪ್ಪುವುದಿಲ್ಲ. ಒಳಗಿನ ಲೈನಿಂಗ್ ಎತ್ತಿ, ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿರುವ ಚೀಟಿ ಅಂಟಿಸಿದೆಯೇ, ಯಾವ ವರ್ಷದ್ದು ಎಂದು ನೋಡುತ್ತೇವೆ. ಎಸ್‌ಎ ದರ್ಜೆಯ ಹೆಲ್ಮೆಟ್ ಬೆಂಕಿಯನ್ನು ತಡೆಯುತ್ತದೆ, ಕಾರಿನೊಳಗಿನ ಕಬ್ಬಿಣದ ಕಂಬಿಗೆ ತಲೆ ಬಡಿದರೆ ತಾಳಿಕೊಳ್ಳುವಂತೆಯೂ ಪರೀಕ್ಷೆಗೊಳಗಾಗಿರುತ್ತದೆ. ಬೈಕಿನ ಹೆಲ್ಮೆಟ್ಟಿಗೆ ಆ ಪರೀಕ್ಷೆಗಳಿಲ್ಲ. ಇಷ್ಟನ್ನು ಸಮಾಧಾನವಾಗಿ ವಿವರಿಸಿ, ಚೀಟಿ ಇಲ್ಲದವರನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿ, ಕ್ಲಬ್ಬಿನ ಹೆಲ್ಮೆಟ್ ಬಾಡಿಗೆಗೆ ಕೊಡುವುದು ಟೆಕ್‌ನವರ ಕೆಲಸ.

ಇಷ್ಟೆಲ್ಲ ನಡೆದ ಮೇಲೆ ಚಾಲಕರ ಸಭೆ. ದಿನದ ಮುಖ್ಯಸ್ಥೆ ಮಾತನಾಡುವುದು ಹದಿನೈದು ನಿಮಿಷ, ಅಷ್ಟೇ. ಹಳದಿ ಬಾವುಟ ಕಂಡರೆ ವೇಗ ಇಳಿಸಬೇಕು, ಯಾರನ್ನೂ ಹಿಂದೆ ಹಾಕಬಾರದು. ಕೆಂಪು ಬಾವುಟ ಕಂಡರೆ ಕನ್ನಡಿ ನೋಡಿಕೊಂಡು ನಿಧಾನವಾಗಿ ಬದಿಗೆ ಸರಿದು, ಮಾರ್ಷಲ್‌ಗಳ ಕಣ್ಣಿಗೆ ಕಾಣುವಂತೆ ನಿಲ್ಲಬೇಕು. ಮುಂದಿರುವವನು ಕಿಟಕಿಯಿಂದ ಕೈ ಹೊರಹಾಕಿ ಯಾವ ಬದಿಯಿಂದ ಹೋಗಬೇಕೆಂದು ತೋರಿಸಿದರೆ ಮಾತ್ರ, ಅದೂ ನಿಗದಿಯಾದ ನೇರ ಹಾದಿಯಲ್ಲಿ ಮಾತ್ರ, ಅವನನ್ನು ದಾಟಬಹುದು. ಎರಡು ಚಕ್ರ ಮಣ್ಣಿಗಿಳಿದರೂ ತಾವಾಗಿಯೇ ಪಿಟ್‌ಗೆ ಬಂದು ಹೇಳಬೇಕು. ಪ್ರತಿ ಬಾರಿಯೂ ಇವೇ ಮಾತುಗಳು, ಅದೇ ಕ್ರಮದಲ್ಲಿ. ಹಳಬರಿಗೆ ಬಾಯಿಪಾಠವಾಗಿದ್ದರೂ ಅವರೂ ನಿಂತು ಕೇಳಬೇಕು. ಸಭೆ ಶುರುವಾದ ಮೇಲೆ ಬಂದವರಿಗೆ ಮೊದಲ ಸೆಷನ್, ಎಂದರೆ ಓಡಿಸುವ ಮೊದಲ ಸರದಿ, ಇಲ್ಲ. ಅವರಿಗಾಗಿ ಬೇರೆ ಸಭೆ ನಡೆದ ಮೇಲೆಯೇ ಎರಡನೆಯದು.

ಈ ನಿಯಮವೇ ಒಮ್ಮೆ ಗೆಳೆಯನೊಬ್ಬನ ಕಾರಿನ ರೂಪದಲ್ಲಿ ನನ್ನೆದುರು ಬಂದು ನಿಂತಿತು. ಆ ದಿನ ಗ್ರಿಡ್‌ನ ಹೊಣೆ ನನ್ನದು. ಹುಡುಗ ಹಾಸನದ ಕಡೆಯವನು, ನನಗಿಂತ ಸಾಕಷ್ಟು ಕಿರಿಯ, ಕ್ಲಬ್ಬಿಗೆ ಅವನನ್ನು ಕರೆತಂದವನೇ ನಾನು. ದಾರಿಯಲ್ಲಿ ಅಪಘಾತವಾಗಿ ಹೆದ್ದಾರಿ ಕಟ್ಟಿಕೊಂಡಿತ್ತು, ಅವನು ಬರುವಷ್ಟರಲ್ಲಿ ಸಭೆ ಮುಗಿಯುತ್ತ ಬಂದಿತ್ತು. ಟೆಕ್ ಮುಗಿಸಿ ಸೀದಾ ಗ್ರಿಡ್‌ಗೆ ಬಂದವನ ಮಣಿಕಟ್ಟಿನಲ್ಲಿ ಸಭೆಗೆ ಬಂದವರಿಗೆ ಕಟ್ಟುವ ಪಟ್ಟಿ ಇರಲಿಲ್ಲ.

"ಅಣ್ಣಾ, ನಂಗೆ ರೂಲ್ಸ್ ಎಲ್ಲಾ ಗೊತ್ತು. ಹೋದ್ಸಲಾನೂ ಬಂದಿದ್ದೆ ಅಲ್ವಾ? ಟ್ರಾಫಿಕ್ ನನ್ ತಪ್ಪಾ? ನೀವೊಂದು ಮಾತು ಹೇಳಿದ್ರೆ ಮೇಡಂ ಬಿಡ್ತಾರೆ" ಎಂದ.

"ಟ್ರಾಫಿಕ್ ನಿನ್ನ ತಪ್ಪಲ್ಲಪ್ಪ. ಆದ್ರೆ ಇವತ್ತು ಎಂಟನೇ ತಿರುವಿನ ಹೊರಗೆ ಮಣ್ಣು ಬಂದಿದೆ ಅಂತ ಸಭೇಲಿ ಹೇಳಿದ್ರು. ನಿಂಗೆ ಗೊತ್ತಿತ್ತಾ? ಗಾಡಿ ಪಕ್ಕಕ್ಕೆ ಹಾಕು, ಮುಂದಿನ ಸೆಷನ್‌ಗೆ ನಾನೇ ಮೊದಲು ಬಿಡ್ತೀನಿ" ಎಂದೆ.

ಅವನ ಮುಖ ಸಣ್ಣದಾಯಿತು. ಹಿಂದೆ ಕಾರುಗಳು ಸಾಲುಗಟ್ಟಿದ್ದವು, ಎಲ್ಲರೂ ನೋಡುತ್ತಿದ್ದರು. ಅವನು ಗೇರ್ ಹಾಕಿ ಪಕ್ಕಕ್ಕೆ ಹೋದ, ಮಧ್ಯಾಹ್ನದ ಊಟದವರೆಗೂ ನನ್ನೊಡನೆ ಮಾತನಾಡಲಿಲ್ಲ. ಗ್ರಿಡ್‌ನ ಉಳಿದ ಕೆಲಸವೆಲ್ಲ ಕಣ್ಣಿಗೆ ಮತ್ತು ಕೈಗೆ ಸೇರಿದ್ದು: ಸೀಟ್ ಬೆಲ್ಟನ್ನು ಎಳೆದು ನೋಡುವುದು, ಹೆಲ್ಮೆಟ್ಟಿನ ಪಟ್ಟಿಯ ಕೆಳಗೆ ಬೆರಳು ತೂರಿಸಿ ಬಿಗಿ ನೋಡುವುದು, ಮುಂದಿನ ಎರಡು ಕಿಟಕಿಗಳು ಪೂರ್ತಿ ಇಳಿದಿವೆಯೇ ಎಂದು ನೋಡುವುದು, ಪಿಟ್ ದ್ವಾರದವರ ಕೈ ಕಂಡ ಮೇಲೆ ಒಂದೊಂದೇ ಕಾರನ್ನು ಅಂತರವಿಟ್ಟು ಕಳಿಸುವುದು. ಇವನ್ನು ಯಾರು ಬೇಕಾದರೂ ಒಂದು ದಿನದಲ್ಲಿ ಕಲಿಯಬಹುದು. ಪರಿಚಯದ ಮುಖವನ್ನು ನೋಡಿಕೊಂಡೇ ಇವತ್ತು ನಿನಗಿಲ್ಲ ಎನ್ನುವುದನ್ನು ಕಲಿಯಲು ಹೆಚ್ಚು ಕಾಲ ಬೇಕು, ಅದರಲ್ಲೂ ಬಸ್ಸಿನ ಸೀಟಿನಿಂದ ಹಿಡಿದು ಸರ್ಕಾರಿ ಕಚೇರಿಯ ಸರದಿಯವರೆಗೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಬದುಕುವುದನ್ನೇ ಸಜ್ಜನಿಕೆ ಎಂದು ತಿಳಿದು ಬೆಳೆದ ನಮ್ಮಂಥವರಿಗೆ. ಆ ಸಜ್ಜನಿಕೆಯನ್ನು ನಾನು ಕೀಳಾಗಿ ಕಾಣುವುದಿಲ್ಲ, ಅದು ನಮ್ಮ ಎಷ್ಟೋ ದಿನಗಳನ್ನು ಸಹ್ಯವಾಗಿಸಿದೆ. ಗ್ರಿಡ್‌ನಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಹಣ ಪಡೆದು ಟ್ರ್ಯಾಕ್ ನಡೆಸುವ ಕಂಪನಿಯಲ್ಲಿ ಗ್ರಿಡ್‌ನವನಿಗೂ ಚಾಲಕನಿಗೂ ಪರಿಚಯವಿರುವುದಿಲ್ಲ. ಇಲ್ಲ ಎಂದರೆ ಮುಗಿಯಿತು. ಕ್ಲಬ್‌ನಲ್ಲಿ ಎಲ್ಲರೂ ಗೆಳೆಯರು. ಕಳೆದ ವಾರ ಯಾರ ಮನೆಯಲ್ಲಿ ಊಟ ಮಾಡಿದ್ದೆವೋ ಅವರ ಕಾರನ್ನೇ ಇಂದು ತಪಾಸಣೆ ಮಾಡಬೇಕು. ಯಾರಿಗೂ ಸಂಬಳವಿಲ್ಲದ ಕಾರಣ ಯಾರನ್ನೂ ಕೆಲಸದಿಂದ ತೆಗೆಯುತ್ತೇನೆ ಎಂದು ಹೆದರಿಸುವಂತಿಲ್ಲ. ಹೀಗಿರುವಾಗ ನಿಯಮವು ಒಮ್ಮೆ ಒಬ್ಬರಿಗೆ ಸಡಿಲವಾದರೆ, ಅದು ಯಾರಿಗೆ ಸಡಿಲವಾಯಿತು, ಯಾರಿಗಾಗಲಿಲ್ಲ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಮುಂದಿನ ಬಾರಿ ಟೆಕ್‌ನಲ್ಲಿ ನಿಂತ ಹೊಸ ಸ್ವಯಂಸೇವಕಿಯ ಮಾತನ್ನು ಯಾರೂ ಕೇಳುವುದಿಲ್ಲ. ಮುಖ್ಯಸ್ಥರ ಕಠಿಣತನ ಮೊದಲು ಕಾಪಾಡುವುದು ಅವಳನ್ನು. ಇದು ನನ್ನ ಹೊರಗಣ್ಣಿನ ತೀರ್ಮಾನವಲ್ಲ, ಅವಳ ಜಾಗದಲ್ಲಿ ನಿಂತು ಕಂಡದ್ದು.

ನಮ್ಮೂರಿನ ತೇರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಗ್ಗ ಎಳೆಯುವವರು ನೂರಾರು ಮಂದಿ, ಅವರ ಉತ್ಸಾಹಕ್ಕೆ ಮಿತಿಯಿಲ್ಲ; ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವವರು ಕೆಲವೇ ಮಂದಿ, ತೇರು ತಿರುಗುವುದೂ ನಿಲ್ಲುವುದೂ ಅವರು ಅದನ್ನು ಚಕ್ರದಡಿಗೆ ಕೊಡುವುದರಿಂದ. ಅಲ್ಲಿ ಕೂಗು ಒಬ್ಬರದೇ ಆಗಿರಬೇಕು.

ತುಂಬಿದ ಉತ್ಸಾಹದಲ್ಲಿ, ಒಳ್ಳೆಯದನ್ನೇ ಮಾಡಲು ಹೊರಟ ಸ್ವಯಂಸೇವಕನಿಗೆ ಅಪ್ಪಣೆಯ ಕಟ್ಟು ಏಕೆ ಬೇಕು ಎಂಬುದಕ್ಕೆ 1977ರ ಮಾರ್ಚ್ 5ರಂದು ಕ್ಯಾಲಾಮಿಯಲ್ಲಿ ನಡೆದುದನ್ನು ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಗ್ರ್ಯಾಂಡ್ ಪ್ರಿ ನಡೆಯುತ್ತಿತ್ತು. ರೆಂಜೊ ಜೋರ್ಜಿಯ ಕಾರು ಪಿಟ್‌ನ ಎದುರು ಬದಿಯಲ್ಲಿ ಕೆಟ್ಟು ನಿಂತು, ಸಣ್ಣ ಬೆಂಕಿ ಹೊತ್ತಿಕೊಂಡಿತು. ಇಬ್ಬರು ಮಾರ್ಷಲ್‌ಗಳು ಅಪ್ಪಣೆಗೆ ಕಾಯದೆ ಟ್ರ್ಯಾಕನ್ನು ದಾಟಿ ಓಡಿದರು. ಅವರಲ್ಲಿ ಎರಡನೆಯವನು 19 ವರ್ಷದ ಫ್ರೆಡ್ರಿಕ್ ಯಾನ್ಸೆನ್ ಫಾನ್ ವ್ಯೂರನ್. ಅವನ ಕೈಯಲ್ಲಿ ಭಾರದ ಅಗ್ನಿಶಾಮಕ ಸಿಲಿಂಡರ್ ಇತ್ತು. ಅಲ್ಲಿ ರಸ್ತೆ ಸಣ್ಣ ಏರನ್ನು ಹತ್ತಿ ಇಳಿಯುತ್ತದೆ. ಏರಿನ ಆಚೆಯಿಂದ ಬರುತ್ತಿದ್ದ ಟಾಮ್ ಪ್ರೈಸ್‌ಗೆ ಅವನು ಕಾಣುವಂತೆಯೇ ಇರಲಿಲ್ಲ. ಕಾರು ಹುಡುಗನಿಗೆ ಬಡಿಯಿತು, ಸಿಲಿಂಡರ್ ಪ್ರೈಸ್‌ನ ತಲೆಗೆ ಬಡಿಯಿತು, ಇಬ್ಬರೂ ಅಲ್ಲೇ ತೀರಿಕೊಂಡರು. ಜೋರ್ಜಿ ಅಷ್ಟರಲ್ಲಿ ಕಾರಿನಿಂದ ಹೊರಬಂದಿದ್ದ.

ಹುಡುಗ ಹೇಡಿಯಾಗಿರಲಿಲ್ಲ, ಸೋಮಾರಿಯಾಗಿರಲಿಲ್ಲ. ಬೆಂಕಿ ಕಂಡೊಡನೆ ಓಡುವವನೇ ಆಗಿದ್ದ. ಅಂಥವನನ್ನು ತಡೆದು ನಿಲ್ಲಿಸುವ ಒಂದು ಧ್ವನಿ, ಅವನು ಪ್ರಶ್ನಿಸದೆ ಕೇಳುವಂತೆ ಅಭ್ಯಾಸವಾಗಿದ್ದ ಒಂದು ಧ್ವನಿ, ಅಲ್ಲಿರಬೇಕಿತ್ತು. ಇಟಲಿಯ ಮಾಂಜಾ ಟ್ರ್ಯಾಕ್‌ನಲ್ಲಿ 2000ದಲ್ಲಿ ಪಾವೊಲೊ ಜಿಸ್ಲಿಂಬೆರ್ಟಿ, ಮೆಲ್ಬರ್ನ್‌ನಲ್ಲಿ 2001ರಲ್ಲಿ ಗ್ರಹಾಂ ಬೆವರಿಜ್, ಇಬ್ಬರು ಸ್ವಯಂಸೇವಕ ಮಾರ್ಷಲ್‌ಗಳು, ಅಪಘಾತಕ್ಕೀಡಾದ ಕಾರುಗಳಿಂದ ಹಾರಿಬಂದ ಚಕ್ರಗಳಿಗೆ ಬಲಿಯಾದರು. ಅವರು ತಮ್ಮ ಜಾಗದಲ್ಲೇ ಇದ್ದರು. ಜಾಗದಲ್ಲಿದ್ದವರಿಗೇ ಇಷ್ಟು ಅಪಾಯವಿರುವಾಗ, ಜಾಗ ಬಿಟ್ಟು ಓಡುವವರ ಬಗ್ಗೆ ಮುಖ್ಯಸ್ಥರು ಕೆಂಡವಾಗುವುದನ್ನು ನಾನು ಅತಿಯೆಂದು ಹೇಳಲಾರೆ. ಥಂಡರ್‌ಹಿಲ್‌ನ ಐದನೆಯ ತಿರುವಿಗೆ ಸೈಕ್ಲೋನ್ ಎಂದು ಹೆಸರು. ಗುಡ್ಡದ ನೆತ್ತಿಯನ್ನು ಹತ್ತುವವರೆಗೂ ಆಚೆ ಏನಿದೆಯೆಂದು ಚಾಲಕನಿಗೆ ಕಾಣುವುದಿಲ್ಲ. ಅಲ್ಲಿನ ಮಾರ್ಷಲ್‌ಗಳಲ್ಲಿ ಒಬ್ಬರು ಬರುವ ಕಾರುಗಳ ಕಡೆಗೆ, ಇನ್ನೊಬ್ಬರು ಹೋಗುವ ಕಾರುಗಳ ಕಡೆಗೆ ಮುಖ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟಂತೆ ನಿಂತಿರುತ್ತಾರೆ. ಕಾರೊಂದು ಆಚೆ ತಿರುಗಿ ನಿಂತಾಗ ಅವರಿಬ್ಬರೂ ಅದರ ಬಳಿಗೆ ಓಡುವುದಿಲ್ಲ. ಒಬ್ಬರು ಹಳದಿ ಬಾವುಟ ಬೀಸುತ್ತಾರೆ, ಇನ್ನೊಬ್ಬರು ರೇಡಿಯೊದಲ್ಲಿ ತಿರುವಿನ ಸಂಖ್ಯೆ, ಕಾರಿನ ಸಂಖ್ಯೆ, ಚಾಲಕ ಕೈ ಎತ್ತಿದನೇ ಇಲ್ಲವೇ, ಇಷ್ಟನ್ನು ಹೇಳುತ್ತಾರೆ. ಅದನ್ನು ಮೊದಲ ಬಾರಿ ಹತ್ತಿರದಿಂದ ನೋಡಿದವರಿಗೆ ಅವರು ಕಲ್ಲುಮನಸ್ಸಿನವರೆನಿಸಬಹುದು. ಹಿಂದೆ ಬರುತ್ತಿರುವ ಐದಾರು ಕಾರುಗಳನ್ನು ನಿಧಾನಗೊಳಿಸುವುದೇ ಆ ಚಾಲಕನಿಗೆ ಆ ಕ್ಷಣದಲ್ಲಿ ಸಿಗಬಹುದಾದ ಅತಿ ದೊಡ್ಡ ಸಹಾಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಠಿಣ ನಿಯಮಕ್ಕೂ ಕಠಿಣ ನಾಲಿಗೆಗೂ ಸಂಬಂಧವಿಲ್ಲ. ಹಿಂದೆ ನಾನು ಬೇರೊಂದು ಕ್ಲಬ್ಬಿನ ಟ್ರ್ಯಾಕ್ ದಿನಗಳಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿನ ಮುಖ್ಯಸ್ಥರು ನಿಯಮಗಳನ್ನು ಬಲ್ಲವರು, ಟ್ರ್ಯಾಕನ್ನೂ ಬಲ್ಲವರು. ಆದರೆ ತಪ್ಪು ಕಂಡಾಗ ರೇಡಿಯೊದಲ್ಲಿ ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದರು, ನೋಂದಣಿಯ ಮೇಜಿನಲ್ಲಿ ಕುಳಿತ ವಯಸ್ಸಾದ ಮಹಿಳೆಯನ್ನು ಸಾಲಿನಲ್ಲಿದ್ದವರ ಎದುರೇ ಗದರಿದರು, ತಮ್ಮ ಆಪ್ತರು ತಡವಾಗಿ ಬಂದರೆ ಮಾತ್ರ ಸುಮ್ಮನಿದ್ದರು. ಅಲ್ಲಿ ನಡೆದ ಬದಲಾವಣೆ ಅಪಘಾತಗಳ ಲೆಕ್ಕದಲ್ಲಿ ಕಾಣುವಂಥದಲ್ಲ. ರೇಡಿಯೊ ಮೌನವಾಗತೊಡಗಿತು. ಸಂದೇಹ ಬಂದರೂ ಜನ ಕೇಳದಾದರು, ಎಣ್ಣೆ ಸೋರಿದಂತೆ ಕಂಡರೂ ಖಚಿತವಾಗುವವರೆಗೆ ಹೇಳದಾದರು. ಬೈಗುಳಕ್ಕೆ ಹೆದರಿದ ಸ್ವಯಂಸೇವಕ ಸುದ್ದಿ ಕೊಡುವುದನ್ನು ನಿಲ್ಲಿಸಿದನೆಂದರೆ ಮುಖ್ಯಸ್ಥರು ಕುರುಡರಾದಂತೆಯೇ. ನಾನು ಆ ಕ್ಲಬ್ಬನ್ನು ಬಿಟ್ಟದ್ದು ಇದೇ ಕಾರಣಕ್ಕೆ, ಬಿಟ್ಟವರಲ್ಲಿ ನಾನೊಬ್ಬನೇ ಇರಲಿಲ್ಲ.

ನಮ್ಮ ಈಗಿನ ಮುಖ್ಯಸ್ಥೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಧ್ವನಿ ಎಂದೂ ಏರಿದ್ದನ್ನು ನಾನು ಕೇಳಿಲ್ಲ. ಕಪ್ಪು ಬಾವುಟ ಕಂಡು ಬಂದ ಚಾಲಕನ ಕಿಟಕಿಗೆ ಬಗ್ಗಿ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: ಏಕೆ ಕರೆಸಿದೆವೆಂದು ನಿಮಗೆ ಗೊತ್ತಿದೆಯೇ? ಗೊತ್ತಿದ್ದು ಸರಿಯಾಗಿ ಹೇಳಿದವರನ್ನು ಎರಡು ನಿಮಿಷ ಕೂರಿಸಿ ಕಳಿಸುತ್ತಾರೆ. ಗೊತ್ತಿಲ್ಲದವರನ್ನು ಇಳಿಸಿ ತರಬೇತುದಾರರ ಬಳಿಗೆ ಕಳಿಸುತ್ತಾರೆ, ಏಕೆಂದರೆ ತಾನು ಮಾಡಿದ್ದೇನೆಂದು ತಿಳಿಯದವನು ಅದನ್ನೇ ಮತ್ತೆ ಮಾಡುತ್ತಾನೆ. ವಾದಕ್ಕಿಳಿದವರಿಗೆ ಅಂದಿನ ದಿನ ಮುಗಿಯಿತು. ಅವರೇ ತರಬೇತಿ ಕೊಟ್ಟು ಬೆಳೆಸಿದ ಒಬ್ಬ ಹಿರಿಯ ತರಬೇತುದಾರರು ಹಳದಿ ಬಾವುಟದಡಿ ಇನ್ನೊಂದು ಕಾರನ್ನು ದಾಟಿದಾಗ, ಅವರನ್ನೂ ಊಟಕ್ಕೆ ಮೊದಲೇ ಮನೆಗೆ ಕಳಿಸಿದರು. ಸ್ವಯಂಸೇವಕರ ತಪ್ಪನ್ನು ಮಾತ್ರ ಎಲ್ಲರೆದುರು ಎತ್ತುವುದಿಲ್ಲ. ಸಂಜೆ ಟ್ರ್ಯಾಕ್ ಮುಚ್ಚಿದ ಮೇಲೆ ಪ್ರತ್ಯೇಕವಾಗಿ ಕರೆದು ಹೇಳುತ್ತಾರೆ. ತಮ್ಮ ಹೆಸರನ್ನೂ ಕೆಲಸದ ಪಟ್ಟಿಯಲ್ಲಿ ಹಾಕಿಕೊಳ್ಳುತ್ತಾರೆ, ಬೆಳಗಿನ ಗೇಟಿನಲ್ಲಿ ಸಹಿ ಹಾಕಿಸಲು ಎಷ್ಟೋ ಬಾರಿ ಅವರೇ ನಿಂತಿರುತ್ತಾರೆ. ನಾನು ಕಂಡಂತೆ, ಅವರ ಮಾತಿಗೆ ತೂಕ ಬಂದಿರುವುದು ಆ ಗೇಟಿನಿಂದ.

ಇಂಥ ಕೆಲಸಕ್ಕೆ ಜನ ಸಾಲದಾಗಿರುವುದು ಈಗಿನ ದೊಡ್ಡ ಚಿಂತೆ. ಓಡಿಸಲು ಬರುವವರ ವಯಸ್ಸು ಇಳಿಯುತ್ತಿದೆ, ನಡೆಸಿಕೊಡುವವರ ವಯಸ್ಸು ಏರುತ್ತಿದೆ. ಹಾಸನದ ಆ ಹುಡುಗ ಈಗ ಟೆಕ್‌ನ ಸಾಲಿನಲ್ಲಿ ನನ್ನ ಜೊತೆಗಿದ್ದಾನೆ, ಹೆಲ್ಮೆಟ್ಟಿನ ಚೀಟಿಯ ವಿಷಯದಲ್ಲಿ ನನಗಿಂತ ಬಿಗಿ. ಬೆಂಗಳೂರಿನಲ್ಲಿರುವ ಗೆಳೆಯರು ಟ್ರ್ಯಾಕಿಗಾಗಿ ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕಾರಿ ಸ್ಪೀಡ್‌ವೇಗೋ ಹೋಗಿಬರುತ್ತಾರೆ. ಅವರಲ್ಲಿ ಕೆಲವರು ಅಲ್ಲಿಯೂ ಓಡಿಸುವುದರ ಜೊತೆಗೆ ಮಾರ್ಷಲ್ ಕೆಲಸ ಕಲಿಯುವ ಮಾತನಾಡುತ್ತಿದ್ದಾರೆಂದು ಕೇಳಿ ನನಗೆ ಬಹಳ ಸಂತೋಷವಾಗಿದೆ.

ಈ ಕಡೆ ಇರುವ ಕನ್ನಡಿಗರಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ ಮೊದಲ ಬಾರಿಗೆ ಓಡಿಸಲು ಹೆಸರು ಕೊಡಬೇಡಿ, ಕೆಲಸಕ್ಕೆ ಕೊಡಿ. ವಿಲೋಸ್‌ನಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದೂ ಉಂಟು, ಟಾರಿನ ಪಕ್ಕದಲ್ಲಿ ಅದು ಇನ್ನೂ ಹೆಚ್ಚಾಗಿ ತಟ್ಟುತ್ತದೆ. ಉದ್ದ ತೋಳಿನ ಹತ್ತಿಯ ಅಂಗಿ, ಪೂರ್ತಿ ಕಾಲು ಮುಚ್ಚುವ ಪ್ಯಾಂಟು, ಬೆರಳು ಮುಚ್ಚುವ ಬೂಟು, ಅಗಲ ಅಂಚಿನ ಟೋಪಿ, ಸಾಕಷ್ಟು ನೀರು ಇರಲಿ. ಕೆಂಪು ಮತ್ತು ಹಳದಿ ಬಣ್ಣದ ಬಟ್ಟೆ ಹಾಕಿಕೊಳ್ಳಬೇಡಿ, ದೂರದಿಂದ ಬರುವ ಚಾಲಕನಿಗೆ ಅದು ಬಾವುಟದಂತೆ ಕಾಣುತ್ತದೆ. ಫೋನನ್ನು ಕಾರಿನಲ್ಲೇ ಬಿಟ್ಟು ಬನ್ನಿ. ಗೇಟು ತೆರೆಯುವುದು ಆರೂವರೆಗೆ, ಆರು ಕಾಲಿಗೇ ಅಲ್ಲಿರಿ.